ಕಿಡಿ ಹೊತ್ತಬೇಕಾದ ಗಳಿಗೆ



ಮೇ ತಿಂಗಳ ಒಂದು ಮಧ್ಯಾಹ್ನ ಎಂದು ಭಾವಿಸಿಕೊಳ್ಳಿ. ಅಕ್ಕಲಕೋಟೆಯಲ್ಲಿ ಕೆಲಸ ಮುಗಿಸಿಕೊಂಡು ಮನೆಮಂದಿಯೊಂದಿಗೆ ನಾಗಣಸೂರಿಗೆ ಹೊರಟಿದ್ದೀರಿ. ಪೆಟ್ರೋಲ್ ಕಾರು, ಹತ್ತು ಹದಿನೈದು ವರ್ಷ ಹಳೆಯದು. ನಡುದಾರಿಯಲ್ಲಿ ದೀಪ ಆರಿದ ಹಾಗೆ ಎಂಜಿನ್ ನಿಂತುಬಿಡುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ಬ್ಯಾಟರಿಯೂ ಚೆನ್ನಾಗಿದೆ, ಕೀಲಿ ತಿರುವಿದರೆ ಸ್ಟಾರ್ಟರ್ ಗರಗರ ತಿರುಗುತ್ತದೆ. ಆದರೆ ಎಂಜಿನ್ ಹಿಡಿಯುವುದಿಲ್ಲ. ಬೇವಿನ ಗಿಡದ ನೆರಳಿನಲ್ಲಿ ಅರ್ಧ ತಾಸು ಕೂತು ಮತ್ತೆ ಕೀಲಿ ತಿರುವಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಗುತ್ತದೆ!

ಮರುದಿನ ಗ್ಯಾರೇಜಿಗೆ ಹೋದರೆ ಒಬ್ಬ ಮಿಸ್ತ್ರಿ ಪೆಟ್ರೋಲ್ ಪಂಪು ಬದಲಿಸಿ ಎನ್ನುತ್ತಾನೆ. ಇನ್ನೊಬ್ಬ ಪ್ಲಗ್ಗು ಎನ್ನುತ್ತಾನೆ. ಮೂರನೆಯವನು ತಲೆ ಅಲ್ಲಾಡಿಸಿ, 'ಕಂಪ್ಯೂಟರ್ ಹೋಗಿದೆ, ಸಾವಿರಾರು ರೂಪಾಯಿ ಬೇಕು' ಎನ್ನುತ್ತಾನೆ. ಯಾರನ್ನು ನಂಬಬೇಕು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಎಂಜಿನ್ನಿನೊಳಗೆ ಕಿಡಿ ಯಾವಾಗ ಹಾರುತ್ತದೆ, ಅದನ್ನು ಹಾರಿಸುವವರು ಯಾರು ಎಂಬುದನ್ನು ತಿಳಿದುಕೊಳ್ಳಬೇಕು. ಕನ್ನಡದಲ್ಲಿ ನಾವು ಕಿಡಿ ಎನ್ನುತ್ತೇವೆ, ಮರಾಠಿಯಲ್ಲಿ ಠಿಣಗಿ ಎನ್ನುತ್ತೇವೆ. ಎರಡೂ ಮಾತು ಬಲ್ಲ ನಮಗೆ ಗ್ಯಾರೇಜಿನಲ್ಲಿ ಮಾತ್ರ ಒಂದೇ ಮಾತು, ಸ್ಪಾರ್ಕು. ಇವತ್ತು ಅದರ ಮಾತೇ ಆಗಲಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಟ್ರ್ಯಾಕ್ಟರಿಗೆ, ಡೀಸೆಲ್ ಜೀಪಿಗೆ ಈ ಕಿಡಿಯ ಗೊಡವೆ ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ತಾನಾಗಿ ಕಾಯುತ್ತದೆ, ಸಿಂಪಡಿಸಿದ ಡೀಸೆಲ್ ಆ ಕಾವಿಗೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳಿಗೆ, ಮೋಟಾರ್ ಸೈಕಲ್ಲಿಗೆ, ತೊಗರಿಗೆ ಔಷಧ ಹೊಡೆಯುವ ಪೆಟ್ರೋಲ್ ಪಂಪಿಗೆ ಕಿಡಿ ಬೇಕು.

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿಯುತ್ತಾ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಮೇಲೇರುತ್ತಾ ಅದನ್ನು ಒತ್ತುತ್ತದೆ. ಆಗ ಕಿಡಿ ಹಾರಿ ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ನಾಲ್ಕನೆಯ ಹಂತದಲ್ಲಿ ಪಿಸ್ಟನ್ ಮತ್ತೆ ಮೇಲೇರಿದಾಗ ಹೊಗೆ ಹೊರಬೀಳುತ್ತದೆ. ಇದು ನಿಮಗೆ ಗೊತ್ತಿರುವ ವಿಷಯವೇ. ಹಾಗಾದರೆ ಕಿಡಿ ಹಾರಬೇಕಾದದ್ದು ಯಾವಾಗ? ಪಿಸ್ಟನ್ ಸರಿಯಾಗಿ ಮೇಲಿನ ತುದಿ ಮುಟ್ಟಿದಾಗ ಎಂದು ಅನಿಸುವುದು ಸಹಜ. ಆದರೆ ಅದು ತಪ್ಪು. ಅದಕ್ಕೂ ಮೊದಲೇ ಹಾರಬೇಕು. ಯಾಕೆಂದರೆ ಕಿಡಿ ಹಾರಿದ ತಕ್ಷಣ ಮಿಶ್ರಣವೆಲ್ಲ ಒಮ್ಮೆಲೇ ಉರಿಯುವುದಿಲ್ಲ. ಒಣ ಕಣಿಕೆಯ ಬಣವೆಗೆ ಒಂದು ಮೂಲೆಯಿಂದ ಬೆಂಕಿ ಹತ್ತಿದ ಹಾಗೆ ಉರಿ ಪ್ಲಗ್ಗಿನಿಂದ ಸುತ್ತಲೂ ಹಬ್ಬಬೇಕು. ಅದಕ್ಕೆ ಸುಮಾರು 2ರಿಂದ 3 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಪಾಲು ಸಮಯ ಬೇಕು.

ಇದನ್ನು ಮನೆಯ ಮಾತಿನಲ್ಲಿ ಹೇಳುತ್ತೇನೆ. ಬೀಗರು ಊಟಕ್ಕೆ ಬರುತ್ತಿದ್ದಾರೆ. ಅವರು ಎಲೆಯ ಮುಂದೆ ಕೂಡುವ ಹೊತ್ತಿಗೆ ಬಿಸಿ ರೊಟ್ಟಿ ಸಿದ್ಧವಿರಬೇಕು. ಒಲೆ ಹೊತ್ತಿಸಿ, ಹಂಚು ಕಾಯಿಸಿ, ರೊಟ್ಟಿ ಬಡಿಯಲು ಇಷ್ಟು ಹೊತ್ತು ಎಂದು ಇದ್ದೇ ಇದೆ. ಬೀಗರು ನಡೆದು ಬರುವವರಾದರೆ ಅವರು ಓಣಿಯ ತುದಿಗೆ ಕಂಡಾಗ ಒಲೆ ಹೊತ್ತಿಸಿದರೆ ಸಾಕು. ಮೋಟಾರ್ ಸೈಕಲ್ಲಿನ ಮೇಲೆ ಬರುವವರಾದರೆ ಅವರು ಊರ ಹೊರಗೆ ಇನ್ನೂ ದೂರದಲ್ಲಿ ಇರುವಾಗಲೇ ಹೊತ್ತಿಸಬೇಕು. ರೊಟ್ಟಿಗೆ ಬೇಕಾದ ಹೊತ್ತು ಬದಲಾಗಲಿಲ್ಲ, ಬರುವವರ ವೇಗ ಬದಲಾಯಿತು. ಆದ್ದರಿಂದ ಒಲೆ ಹೊತ್ತಿಸುವಾಗ ಅವರು ಇರಬೇಕಾದ ಜಾಗ ಹಿಂದಕ್ಕೆ ಹೋಯಿತು. ಕಿಡಿಯ ಟೈಮಿಂಗ್ ಎಂದರೆ ಇಷ್ಟೇ.

ಈಗ ಲೆಕ್ಕ ನೋಡೋಣ. ಗಾಡಿ ನಿಂತಲ್ಲೇ ಗುರುಗುಟ್ಟುವಾಗ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಎನ್ನಿ. ಒಂದು ಸುತ್ತಿಗೆ 75 ಮಿಲಿಸೆಕೆಂಡು. 2 ಮಿಲಿಸೆಕೆಂಡಿನಲ್ಲಿ ಅದು ತಿರುಗುವುದು ಸುಮಾರು 10 ಡಿಗ್ರಿ ಮಾತ್ರ. ರಸ್ತೆಯಲ್ಲಿ 3000 ಸುತ್ತಿಗೆ ಹೋದಾಗ ಒಂದು ಸುತ್ತಿಗೆ 20 ಮಿಲಿಸೆಕೆಂಡು. ಅದೇ 2 ಮಿಲಿಸೆಕೆಂಡಿನಲ್ಲಿ ಎಂಜಿನ್ 36 ಡಿಗ್ರಿ ತಿರುಗಿರುತ್ತದೆ. ವೇಗ ಹೆಚ್ಚಿದಂತೆ ಒಳಗಿನ ಗಾಳಿಯ ಸುಳಿಯೂ ಹೆಚ್ಚಿ ಉರಿ ತುಸು ಬೇಗ ಹಬ್ಬುವುದರಿಂದ ಲೆಕ್ಕ ಇಷ್ಟು ನೇರವಲ್ಲ. ಆದರೂ ನಿಂತಲ್ಲಿ ಪಿಸ್ಟನ್ ತುದಿ ಮುಟ್ಟುವ 10 ಡಿಗ್ರಿಯಷ್ಟು ಮೊದಲು ಹಾರುವ ಕಿಡಿ, ವೇಗದಲ್ಲಿ 30 ಡಿಗ್ರಿ ಅಥವಾ ಅದಕ್ಕೂ ಮೊದಲು ಹಾರಬೇಕಾಗುತ್ತದೆ. ಇದನ್ನೇ ಮಿಸ್ತ್ರಿಗಳು ಅಡ್ವಾನ್ಸ್ ಎನ್ನುವುದು.

ಗಳಿಗೆ ತಪ್ಪಿದರೆ ಏನಾಗುತ್ತದೆ? ಪಂಚಮಿಯ ಜೋಕಾಲಿಯನ್ನು ನೆನೆಸಿಕೊಳ್ಳಿ. ಜೋಕಾಲಿ ನಿಮ್ಮ ಕಡೆ ಬಂದು, ತಿರುಗಿ ಹೊರಟ ಗಳಿಗೆಗೆ ತಳ್ಳಿದರೆ ಅದು ಮುಗಿಲಿಗೇರುತ್ತದೆ. ತಡವಾಗಿ ತಳ್ಳಿದರೆ ಕೈ ಬರೀ ಗಾಳಿಗೆ ಬೀಳುತ್ತದೆ. ಇನ್ನೂ ಬರುತ್ತಿರುವಾಗಲೇ ತಳ್ಳಿದರೆ ನಿಮ್ಮ ಮುಂಗೈಯೇ ಉಳುಕುತ್ತದೆ. ಎಂಜಿನ್ನಿನಲ್ಲಿಯೂ ಹಾಗೆಯೇ. ಪಿಸ್ಟನ್ ತುದಿ ದಾಟಿ ಸುಮಾರು 15 ಡಿಗ್ರಿ ತಿರುಗುವ ಹೊತ್ತಿಗೆ ಒತ್ತಡ ತನ್ನ ಪೂರ್ಣ ಬಲಕ್ಕೆ ಬರಬೇಕು. ಕಿಡಿ ತಡವಾದರೆ ಬಲ ಕಡಿಮೆ, ಪೆಟ್ರೋಲ್ ಖರ್ಚು ಜಾಸ್ತಿ, ಸೈಲೆನ್ಸರ್ ಕೆಂಪಗೆ ಕಾಯುತ್ತದೆ. ಬಹಳ ಬೇಗ ಹಾರಿದರೆ ಮೇಲೇರುತ್ತಿರುವ ಪಿಸ್ಟನ್ನಿಗೆ ಉರಿ ಎದುರಾಗುತ್ತದೆ. ಹಳೆಯ ಬುಲೆಟ್ಟಿನ ಕಿಕ್ ತಿರುಗಿ ಹೊಡೆದು ಕಾಲು ನೋಯಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟೇ ಅಲ್ಲ, ಒತ್ತಡ ಮಿತಿ ಮೀರಿದಾಗ ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಏರು ಹತ್ತುವಾಗ 'ಟಿಣ್ ಟಿಣ್' ಎಂದು ಮೊಳೆ ಕುಟ್ಟಿದಂಥ ಸದ್ದು ಬರುತ್ತದಲ್ಲ, ಅದೇ ನಾಕಿಂಗ್. ಅದನ್ನು ಹಾಗೆಯೇ ಬಿಟ್ಟರೆ ಪಿಸ್ಟನ್ ತಲೆಯಲ್ಲಿ ತೂತು ಬೀಳುವುದೂ ಉಂಟು.

ಇನ್ನು ಕಿಡಿ ಹುಟ್ಟುವುದು ಹೇಗೆ? ಬ್ಯಾಟರಿಯಲ್ಲಿರುವುದು 12 ವೋಲ್ಟ್. ಪ್ಲಗ್ಗಿನ ತುದಿಯ ಸಣ್ಣ ಸಂದನ್ನು, ಅದೂ ಒತ್ತಿದ ಗಾಳಿಯಲ್ಲಿ, ಕಿಡಿ ಜಿಗಿಯಬೇಕಾದರೆ 10ರಿಂದ 20 ಸಾವಿರ ವೋಲ್ಟ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಈ ಕೆಲಸ ಮಾಡುವುದು ಕಾಯಿಲ್. ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಕೆಲವು ನೂರು ಸುತ್ತು, ಅದರ ಜೊತೆಗೆ ಕೂದಲಿನಂಥ ತಂತಿಯ ನೂರು ಪಟ್ಟು ಹೆಚ್ಚು ಸುತ್ತು. ದಪ್ಪ ತಂತಿಯಲ್ಲಿ ಕರೆಂಟು ಹರಿದಾಗ ತಿರುಳಿನಲ್ಲಿ ಅಯಸ್ಕಾಂತದ ಶಕ್ತಿ ತುಂಬಿಕೊಳ್ಳುತ್ತದೆ. ಆ ಕರೆಂಟನ್ನು ಫಕ್ಕನೆ ಕಡಿದರೆ ಶಕ್ತಿಗೆ ಹೋಗಲು ದಾರಿ ಇಲ್ಲದೆ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟ್ ಆಗಿ ಎದ್ದುಬರುತ್ತದೆ. ಬಾವಿಯ ಮೋಟರು ನಡೆಯುತ್ತಿರುವಾಗ ಲೈಟು ಹೋದರೆ ಪೈಪಿನಲ್ಲಿ ನೀರು 'ಧಡ್' ಎಂದು ಹೊಡೆಯುವುದನ್ನು ಕೇಳಿದ್ದೀರಲ್ಲ? ಹರಿಯುತ್ತಿದ್ದುದನ್ನು ಒಮ್ಮೆಲೇ ತಡೆದರೆ ಬರುವ ಪೆಟ್ಟು ಅದು. ಕಾಯಿಲ್ಲಿನ ಪೆಟ್ಟೂ ಅಂಥದೇ. ಒಂದು ಮಾತು ನೆನಪಿಡಿ: ಕಿಡಿ ಹಾರುವುದು ಕರೆಂಟು ಕೊಟ್ಟಾಗ ಅಲ್ಲ, ಕಡಿದಾಗ.

ಆದ್ದರಿಂದ ಟೈಮಿಂಗ್ ಎಂದರೆ ಕರೆಂಟನ್ನು ಯಾವ ಗಳಿಗೆಗೆ ಕಡಿಯಬೇಕು ಎಂಬ ಪ್ರಶ್ನೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಏರ್ಪಾಡು 1910ರ ಆಸುಪಾಸಿನಲ್ಲಿ ಕ್ಯಾಡಿಲಾಕ್ ಕಾರಿಗೆ ಬಂತು. ಮುಂದೆ ಅರವತ್ತು ವರ್ಷ ಲೋಕದ ಬಹುತೇಕ ಕಾರುಗಳು ಅದರಿಂದಲೇ ಓಡಿದವು. ನಮ್ಮ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿಯೂ ಇದ್ದದ್ದು ಅದೇ. ಡಿಸ್ಟ್ರಿಬ್ಯೂಟರಿನ ನಡುವಿನ ದಂಡೆಯ ಮೇಲಿನ ಉಬ್ಬುಗಳು ಪಾಯಿಂಟನ್ನು ತಟ್ಟಿ ಬಿಡಿಸುತ್ತವೆ, ಕರೆಂಟು ಕಡಿಯುತ್ತದೆ. ಪಾಯಿಂಟಿನ ನಡುವೆಯೇ ಕಿಡಿ ಹಾರಿ ಅದು ಸುಡಬಾರದೆಂದು ಪಕ್ಕದಲ್ಲಿ ಒಂದು ಕಂಡೆನ್ಸರ್ ಇರುತ್ತದೆ. ಅಡ್ವಾನ್ಸ್ ಮಾಡಲು ಕೆಳಗೆ ಸ್ಪ್ರಿಂಗಿಗೆ ಕಟ್ಟಿದ ಎರಡು ಗುಂಡುಗಳಿವೆ. ವೇಗ ಹೆಚ್ಚಿದಾಗ ಅವು ಹೊರಕ್ಕೆ ಸರಿದು ಉಬ್ಬುಗಳನ್ನು ಮುಂದಕ್ಕೆ ತಿರುಗಿಸುತ್ತವೆ. ಇನ್ನೊಂದು ಕಡೆ ಕಾರ್ಬೊರೇಟರಿನಿಂದ ಬಂದ ರಬ್ಬರ್ ನಳಿಗೆ ಸೇರಿಸಿದ ಡಬ್ಬಿ. ಹಗುರಾಗಿ ಆಕ್ಸಿಲರೇಟರ್ ಒತ್ತಿ ಹೋಗುವಾಗ ಒಳಗಿನ ಮಿಶ್ರಣ ತೆಳ್ಳಗಿದ್ದು ನಿಧಾನವಾಗಿ ಉರಿಯುತ್ತದೆ. ಆಗ ಈ ಡಬ್ಬಿ ಇನ್ನೂ ಕೆಲವು ಡಿಗ್ರಿ ಮುಂಚಿತವಾಗಿ ಕಿಡಿ ಹಾರಿಸುತ್ತದೆ.

ಬುದ್ಧಿವಂತ ಏರ್ಪಾಡು, ಸಂಶಯವಿಲ್ಲ. ಆದರೆ ಅದು ಸವೆಯುವ ಏರ್ಪಾಡು. ನಾಲ್ಕು ಸಿಲಿಂಡರಿನ ಎಂಜಿನ್ 3000 ಸುತ್ತಿನಲ್ಲಿ ಸೆಕೆಂಡಿಗೆ 100 ಕಿಡಿ ಕೇಳುತ್ತದೆ. ಅಷ್ಟು ಸಲ ಪಾಯಿಂಟು ತೆರೆದು ಮುಚ್ಚಬೇಕು. ತುದಿ ಸುಡುತ್ತದೆ, ಉಜ್ಜುವ ಗಟ್ಟಿ ಸವೆಯುತ್ತದೆ, ಸಂದು ಕಡಿಮೆಯಾಗುತ್ತದೆ, ಕಿಡಿ ತಡವಾಗುತ್ತದೆ. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಮಿಸ್ತ್ರಿಯ ಹತ್ತಿರ ಹೋಗಿ ಪಾಯಿಂಟ್ ಸೆಟ್ ಮಾಡಿಸಲೇಬೇಕು. ಆ ಮಿಸ್ತ್ರಿ ಕಿವಿಗೊಟ್ಟು ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಎಂಜಿನ್ನಿನ ದನಿ ಸರಿಹೋದಾಗ ನಕ್ಕು ಬೋಲ್ಟು ಬಿಗಿಯುತ್ತಿದ್ದ. ಅದು ನಿಜವಾದ ವಿದ್ಯೆ.

ಎಲೆಕ್ಟ್ರಾನಿಕ್ಸ್ ಈ ಮನೆಗೆ ಎರಡು ಹೆಜ್ಜೆಯಲ್ಲಿ ಬಂತು. ಮೊದಲ ಹೆಜ್ಜೆಯಲ್ಲಿ ಪಾಯಿಂಟು ಹೋಗಿ ಟ್ರಾನ್ಸಿಸ್ಟರ್ ಬಂತು. ಟ್ರಾನ್ಸಿಸ್ಟರ್ ಎಂದರೆ ಅಲ್ಲಾಡುವ ಭಾಗವೇ ಇಲ್ಲದ ಸ್ವಿಚ್ಚು. ಸಣ್ಣ ಕರೆಂಟಿನ ಸನ್ನೆಗೆ ಅದು ದೊಡ್ಡ ಕರೆಂಟನ್ನು ಬಿಡುತ್ತದೆ, ಕಡಿಯುತ್ತದೆ. ಸುಡುವುದಿಲ್ಲ, ಸವೆಯುವುದಿಲ್ಲ. ಸನ್ನೆ ಕೊಡಲು ಒಂದು ಅಯಸ್ಕಾಂತ ಮತ್ತು ಸಣ್ಣ ಕಾಯಿಲ್. ಹಲ್ಲಿನ ಚಕ್ರ ಅದರ ಮುಂದೆ ಹಾದಾಗಲೆಲ್ಲ ಒಂದು ಮಿಡಿತ ಹುಟ್ಟುತ್ತದೆ. ಗುಂಡು, ಸ್ಪ್ರಿಂಗು, ಡಬ್ಬಿಗಳು ಮಾತ್ರ ಇನ್ನೂ ಹಾಗೆಯೇ ಇದ್ದವು. ದ್ವಿಚಕ್ರ ವಾಹನಗಳಲ್ಲಿ ಇದರ ದಾಯಾದಿಯಾದ ಸಿಡಿಐ ಬಂತು. ಅದರಲ್ಲಿ ಒಂದು ಕಂಡೆನ್ಸರಿಗೆ ಕೆಲವು ನೂರು ವೋಲ್ಟ್ ತುಂಬಿಟ್ಟು, ಗಳಿಗೆ ಬಂದಾಗ ಅದನ್ನು ಕಾಯಿಲ್ಲಿಗೆ ಒಮ್ಮೆಲೇ ಸುರಿಯುತ್ತಾರೆ.

ಎರಡನೆಯ ಹೆಜ್ಜೆಯಲ್ಲಿ ಗುಂಡುಗಳೂ ಹೋದವು, ಲೆಕ್ಕ ಹಾಕುವ ಕಂಪ್ಯೂಟರ್ ಬಂತು. ಕಿಡಿಯನ್ನೂ ಪೆಟ್ರೋಲ್ ಸಿಂಪಡಿಸುವುದನ್ನೂ ಒಂದೇ ಪೆಟ್ಟಿಗೆ ನೋಡಿಕೊಳ್ಳುವ ಏರ್ಪಾಡನ್ನು ಜರ್ಮನಿಯ ಬಾಷ್ ಕಂಪನಿ 1979ರಲ್ಲಿ ತಂದಿತು. ನಮ್ಮ ದೇಶದಲ್ಲಿ ಹೊಗೆಯ ಕಾನೂನು ಬಿಗಿಯಾದಂತೆ, 2000ದ ಸುಮಾರಿನಿಂದ ಸಾಮಾನ್ಯ ಕಾರುಗಳಿಗೂ ಅದು ಇಳಿದು ಬಂತು. 1983ರ ಡಿಸೆಂಬರಿನಲ್ಲಿ ಕಾರ್ಬೊರೇಟರಿನೊಂದಿಗೆ ಹುಟ್ಟಿದ ಮಾರುತಿ 800 ಕೂಡ ತನ್ನ ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನ ಮಾತು ಕೇಳಿಯೇ ಓಡಿತು. ಅದರ ತಯಾರಿಕೆ ನಿಂತದ್ದು 2014ರಲ್ಲಿ.

ಈ ಕಂಪ್ಯೂಟರ್ ಕೆಲಸ ಮಾಡುವ ರೀತಿಯನ್ನು ತುಸು ಗಮನವಿಟ್ಟು ಕೇಳಿ. ಎಂಜಿನ್ನಿನ ಕ್ರ್ಯಾಂಕ್ ದಂಡೆಗೆ ಒಂದು ಹಲ್ಲಿನ ಚಕ್ರವಿದೆ. ಅನೇಕ ಕಾರುಗಳಲ್ಲಿ ಅದಕ್ಕೆ 60 ಹಲ್ಲುಗಳ ಜಾಗ, ಆದರೆ ಹಲ್ಲುಗಳು 58 ಮಾತ್ರ. ಎರಡನ್ನು ಬೇಕೆಂದೇ ಬಿಟ್ಟಿದ್ದಾರೆ. ಒಂದೊಂದು ಹಲ್ಲಿಗೂ 6 ಡಿಗ್ರಿ. ಚಕ್ರದ ಮುಂದೆ ಕೂತಿರುವ ಕ್ರ್ಯಾಂಕ್ ಸೆನ್ಸರ್ ಪ್ರತಿ ಹಲ್ಲಿಗೂ ಒಂದು ಮಿಡಿತ ಕಳಿಸುತ್ತದೆ. ಎರಡು ಮಿಡಿತ ತಪ್ಪಿದ ಕೂಡಲೇ ಕಂಪ್ಯೂಟರಿಗೆ ಸುತ್ತು ಎಲ್ಲಿಂದ ಶುರುವಾಯಿತೆಂಬ ಗುರುತು ಸಿಕ್ಕಿತು. ಜಪಮಾಲೆಯಲ್ಲಿ ಮೇರುಮಣಿ ಕೈಗೆ ಹತ್ತಿದ ಹಾಗೆ.

3000 ಸುತ್ತಿನಲ್ಲಿ ಒಂದು ಹಲ್ಲು ಹಾದುಹೋಗಲು ಬೇಕಾದದ್ದು ಒಂದು ಮಿಲಿಸೆಕೆಂಡಿನ ಮೂರನೆಯ ಒಂದು ಪಾಲು. ಕಿಡಿ 30 ಡಿಗ್ರಿ ಮೊದಲು ಹಾರಬೇಕು ಎಂದರೆ ತುದಿಗೆ 5 ಹಲ್ಲು ಮೊದಲು ಕರೆಂಟು ಕಡಿಯಬೇಕು. ಕಾಯಿಲ್ ತುಂಬಲು 3 ಮಿಲಿಸೆಕೆಂಡು ಬೇಕು ಎನ್ನಿ, ಅದು 9 ಹಲ್ಲು. ಹಾಗಾದರೆ 14 ಹಲ್ಲು ಇರುವಾಗ ಕರೆಂಟು ಬಿಡಬೇಕು, 5 ಹಲ್ಲು ಇರುವಾಗ ಕಡಿಯಬೇಕು. ಬ್ಯಾಟರಿ ಸೊರಗಿದ್ದರೆ ಕಾಯಿಲ್ ನಿಧಾನವಾಗಿ ತುಂಬುತ್ತದೆ, ಅದಕ್ಕೆ ಇನ್ನೂ ಮುಂಚೆ ಶುರುಮಾಡಬೇಕು. ಇಷ್ಟೆಲ್ಲ ಲೆಕ್ಕವನ್ನು ಅದು ಪ್ರತಿ ಕಿಡಿಗೂ ಹೊಸದಾಗಿ ಮಾಡುತ್ತದೆ. ಯಾವ ವೇಗಕ್ಕೆ, ಎಷ್ಟು ಭಾರಕ್ಕೆ ಎಷ್ಟು ಡಿಗ್ರಿ ಎಂಬುದು ಕಾರ್ಖಾನೆಯಲ್ಲಿ ಪರೀಕ್ಷಿಸಿ ಬರೆದಿಟ್ಟ ಮಗ್ಗಿಯಂಥ ಒಂದು ಕೋಷ್ಟಕದಲ್ಲಿದೆ. ಎಂಜಿನ್ ತಣ್ಣಗಿದೆಯೇ, ಒಳಬರುವ ಗಾಳಿ ಸೋಲಾಪುರದ ಬಿಸಿಲಿನಂತೆ ಕಾದಿದೆಯೇ ಎಂದು ನೋಡಿ ಅದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ.

ಮಿಸ್ತ್ರಿಯ ಕಿವಿಯ ಮಾತು ಹೇಳಿದೆನಲ್ಲ, ಅನೇಕ ಕಾರುಗಳಲ್ಲಿ ಆ ಕಿವಿಯೂ ಇದೆ. ಅದಕ್ಕೆ ನಾಕ್ ಸೆನ್ಸರ್ ಎಂದು ಹೆಸರು. ಗ್ಯಾಸ್ ಒಲೆಗೆ ಟಕ್ ಎಂದು ಒತ್ತುವ ಲೈಟರಿನಲ್ಲಿ ಪೆಟ್ಟು ಬಿದ್ದಾಗ ಕರೆಂಟು ಹುಟ್ಟಿಸುವ ಹರಳಿದೆ. ಅಂಥದೇ ಹರಳನ್ನು ಎಂಜಿನ್ನಿನ ಮೈಗೆ ಬೋಲ್ಟು ಹಾಕಿ ಕೂಡಿಸಿದ್ದಾರೆ. 'ಟಿಣ್ ಟಿಣ್' ಕೇಳಿದ ತಕ್ಷಣ ಕಂಪ್ಯೂಟರ್ ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಸದ್ದು ನಿಂತ ಮೇಲೆ ಮೆಲ್ಲಮೆಲ್ಲನೆ ಮೊದಲಿನ ಜಾಗಕ್ಕೆ ತರುತ್ತದೆ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದರೆ ನಾಕಿಂಗ್ ಹೆಚ್ಚುತ್ತದೆ. ಕಂಪ್ಯೂಟರ್ ಕಿಡಿಯನ್ನು ಹಿಂದಕ್ಕೆ ಸರಿಸಿ ಎಂಜಿನ್ ಉಳಿಸಲು ನೋಡುತ್ತದೆ, ಆದರೆ ಬಲವೂ ಹೋಗುತ್ತದೆ, ಮೈಲೇಜೂ ಹೋಗುತ್ತದೆ. ಉಳಿಸಿದ ದುಡ್ಡು ಅಲ್ಲಿಯೇ ಖರ್ಚು. ಎಥೆನಾಲ್ ಮಾತ್ರ ಇದಕ್ಕೆ ವಿರುದ್ಧ. 2023ರಿಂದ ಪಂಪುಗಳಿಗೆ ಬರತೊಡಗಿದ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು ನಾಕಿಂಗನ್ನು ಹೆಚ್ಚು ತಡೆಯುತ್ತದೆ. ಆದರೆ ಲೀಟರಿಗೆ ಲೀಟರು ನೋಡಿದರೆ ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ. ನಮ್ಮ ಜಿಲ್ಲೆಯ ಕಬ್ಬಿಗೂ ಕಿಡಿಯ ಗಳಿಗೆಗೂ ಹೀಗೊಂದು ನಂಟು ಬೆಳೆದಿದೆ. ಇನ್ನು ಸಿಎನ್‌ಜಿ ನಿಧಾನವಾಗಿ ಉರಿಯುವ ಅನಿಲ. ಅದಕ್ಕೆ ಕಿಡಿ ಇನ್ನೂ ಮುಂಚೆ ಹಾರಬೇಕು. ಪೆಟ್ರೋಲ್ ಕಾರಿಗೆ ಹೊರಗಿನಿಂದ ಕಿಟ್ ಹಾಕಿಸುವವರು ಟೈಮಿಂಗ್ ಮುಂದೆ ಸರಿಸುವ ಸಣ್ಣ ಪೆಟ್ಟಿಗೆಯನ್ನೂ ಹಾಕುತ್ತೀರಾ ಎಂದು ಕೇಳಬೇಕು. ಇಲ್ಲವಾದರೆ ಗಾಡಿ ಎಳೆಯುವುದಿಲ್ಲ.

ಔಷಧ ಹೊಡೆಯುವ ಸಣ್ಣ ಪಂಪಿನಲ್ಲಿ ಕಂಪ್ಯೂಟರಿಲ್ಲ. ಅಯಸ್ಕಾಂತ ಫ್ಲೈವ್ಹೀಲಿನಲ್ಲಿಯೇ ಇದೆ, ಟೈಮಿಂಗು ಅದು ದಂಡೆಯ ಮೇಲೆ ಕೂತ ಜಾಗದಿಂದಲೇ ನಿರ್ಧಾರವಾಗುತ್ತದೆ. ಅದನ್ನು ಹಿಡಿದಿರುವುದು ಬೆರಳುಗುರಿನಷ್ಟು ಚಿಕ್ಕ ಕೀಲು. ಫ್ಲೈವ್ಹೀಲಿಗೆ ಪೆಟ್ಟು ಬಿದ್ದು ಆ ಕೀಲು ಅರ್ಧ ಕತ್ತರಿಸಿದರೂ ಸಾಕು, ಕಿಡಿ ಚೆನ್ನಾಗಿ ಕಾಣುತ್ತದೆ, ಪೆಟ್ರೋಲೂ ಬರುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ ಅಥವಾ ಹಗ್ಗ ತಿರುಗಿ ಎಳೆಯುತ್ತದೆ. ಹೊಸ ಕಾಯಿಲ್ ಕೊಳ್ಳುವ ಮೊದಲು ಅದನ್ನು ಬಿಚ್ಚಿ ನೋಡಿ.

ಈಗ ಬೇವಿನ ನೆರಳಿನಲ್ಲಿ ನಿಂತ ನಮ್ಮ ಕಾರಿಗೆ ಮರಳೋಣ. ಕ್ರ್ಯಾಂಕ್ ಸೆನ್ಸರಿನಿಂದ ಮಿಡಿತ ಬರದಿದ್ದರೆ ಪಿಸ್ಟನ್ ಎಲ್ಲಿದೆ ಎಂದೇ ಕಂಪ್ಯೂಟರಿಗೆ ತಿಳಿಯದು. ಬಹಳಷ್ಟು ಕಾರುಗಳಲ್ಲಿ ಆಗ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಅನೇಕ ಸೆನ್ಸರುಗಳ ಒಳಗಿರುವುದು ಕೂದಲಿನಂಥ ತಂತಿಯ ಸುತ್ತು. ವರ್ಷಗಳ ಕಾವಿಗೆ ಅದರಲ್ಲಿ ಬಿರುಕು ಬಿಟ್ಟಿದ್ದರೆ, ಎಂಜಿನ್ ಕಾದಾಗ ತಂತಿ ಹಿಗ್ಗಿ ಬಿರುಕು ಬಾಯಿ ತೆರೆಯುತ್ತದೆ. ಆರಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಅದಕ್ಕೇ ಅರ್ಧ ತಾಸಿನ ಮೇಲೆ ಕಾರು ಚಾಲೂ ಆದದ್ದು. ಕಾದಾಗ ಕೈಕೊಡುವ ಕಾಯಿಲ್ ಅಥವಾ ಪೆಟ್ರೋಲ್ ಪಂಪು ಕೂಡ ಹೀಗೆ ಆಟವಾಡಿಸಬಹುದು, ಆದ್ದರಿಂದ ಪರೀಕ್ಷೆ ಮಾಡಿಯೇ ನಿರ್ಧರಿಸಬೇಕು. ಗಾಡಿ ನಿಂತಾಗ ಸ್ಟಾರ್ಟರ್ ತಿರುಗಿಸುತ್ತಾ ಸುತ್ತು ತೋರಿಸುವ ಮುಳ್ಳನ್ನು ನೋಡಿ. ಅನೇಕ ಕಾರುಗಳಲ್ಲಿ ಅದು ತುಸುವೂ ಅಲ್ಲಾಡದಿದ್ದರೆ ಕ್ರ್ಯಾಂಕ್ ಸೆನ್ಸರಿನ ಮೇಲೆ ಸಂಶಯ ಪಡಬಹುದು. ಸ್ಕ್ಯಾನರ್ ಹಚ್ಚಿ ಕೋಡ್ ಓದಿಸಿ. ಪಿ 0335 ಎಂದು ಬಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕೀಟಿನಲ್ಲಿ ದೋಷವಿದೆ ಎಂದರ್ಥ. ಆಗಲೂ ಮೊದಲು ನೋಡಬೇಕಾದದ್ದು ವೈರು ಮತ್ತು ಅದರ ಜೋಡಣೆ. ನಮ್ಮ ಹಳ್ಳಿಗಳಲ್ಲಿ ಇಲಿ ಕಡಿದ ವೈರು, ಕೆಸರು ಕೂತ ಪ್ಲಗ್ಗು, ತುಕ್ಕು ಹಿಡಿದ ಅರ್ಥಿಂಗು ಅಪರೂಪವಲ್ಲ. ಮೊದಲು ವೈರು, ಆಮೇಲೆ ಸೆನ್ಸರು, ಎಲ್ಲಕ್ಕಿಂತ ಕೊನೆಗೆ ಕಂಪ್ಯೂಟರು. ಈ ಕ್ರಮ ತಪ್ಪಿದರೆ ಕೆಲವು ನೂರರಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಗಳು ಹೋಗುತ್ತವೆ.

ಒಂದು ಎಚ್ಚರಿಕೆ. ಹಳೆಯ ಗಾಡಿಯಲ್ಲಿ ಪ್ಲಗ್ಗಿನ ವೈರು ಕಿತ್ತು ಕಿಡಿ ನೋಡುವ ರೂಢಿ ಇತ್ತು. ಈಗಿನ ಗಾಡಿಯಲ್ಲಿ ಅದು ಬೇಡ. ಈಗಿನ ಕಾಯಿಲ್ಲಿನ ಹೊಡೆತ ಜೋರು, ಎದೆ ದುರ್ಬಲವಿದ್ದವರಿಗೆ ಅಪಾಯ. ಹಾರಲು ದಾರಿ ಸಿಗದ ಕಿಡಿ ಟ್ರಾನ್ಸಿಸ್ಟರನ್ನೂ ಸುಡಬಹುದು. ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಡಿಸುತ್ತದೆ. ಹಾಗೆಯೇ ಗಾಡಿಯ ಮೈಗೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ತಂತಿ ಬಿಚ್ಚಿಸಿ.

ಪಾಯಿಂಟು ಹೋಗಿ ಟ್ರಾನ್ಸಿಸ್ಟರ್ ಬಂತು, ಗುಂಡು ಹೋಗಿ ಕೋಷ್ಟಕ ಬಂತು, ಕಿವಿಗೆ ಹರಳು ಜೊತೆಯಾಯಿತು. ಆದರೆ ಎಂಜಿನ್ ಕೇಳುವ ಪ್ರಶ್ನೆ ನೂರು ವರ್ಷದಿಂದ ಒಂದೇ: ಎಷ್ಟು ಮುಂಚೆ? ಆ ಪ್ರಶ್ನೆ ಗೊತ್ತಿರುವ ಮಿಸ್ತ್ರಿಗೆ ಕಂಪ್ಯೂಟರಿನ ಭಯವಿಲ್ಲ, ಗೊತ್ತಿರುವ ಗಿರಾಕಿಗೆ ಮೋಸದ ಭಯವಿಲ್ಲ. ನಿಮ್ಮೂರ ಗ್ಯಾರೇಜಿನಲ್ಲಿ ಪಾನಾ ಹಿಡಿದು ಕಲಿಯುತ್ತಿರುವ ಹುಡುಗನಿಗೂ ಇದನ್ನು ಹೇಳಿ. ಕನ್ನಡದಲ್ಲಿ ಹೇಳಿದರೂ ಸರಿ, ಮರಾಠಿಯಲ್ಲಿ ಹೇಳಿದರೂ ಸರಿ.